ಟ್ರಿನಿಡಾಡಿನ ಕಬ್ಬಿನ ಗದ್ದೆಯಲ್ಲಿ ಎರಡು ದಿನ

ಮೊನ್ನೆ ಮದ್ದೂರಿನ ಪೇಟೆಬೀದಿಯಲ್ಲಿ ಯಾರೋ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಬಿಸಿ ಚರ್ಮ, ಹುಲ್ಲಿನ ಹೊಗೆ ಎರಡೂ ಕೂಡಿದ ಆ ವಾಸನೆ ನಿಮಗೂ ಗೊತ್ತಿರುತ್ತದೆ. ನಿಮಗೆ ಅದರಿಂದ ಹಬ್ಬ ನೆನಪಾದೀತು. ನನಗೆ ನೆನಪಾಗುವುದು ಟ್ರಿನಿಡಾಡ್ ದ್ವೀಪ. ನಗಬೇಡಿ. ಮದ್ದೂರು ಪಕ್ಕದ ಕೊಪ್ಪದವನಿಗೂ ಏಳು ಸಮುದ್ರದಾಚೆಯ ಆ ನೆಲಕ್ಕೂ ಏನಯ್ಯ ನಂಟು ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಕಬ್ಬು.

ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವನು ನಾನು. ಬಿಟ್ಟೆನಲ್ಲಾ ಎಂದು ಒಂದು ದಿನವೂ ಮರುಗಲಿಲ್ಲ. ಮಂಡ್ಯದ ನಾಲೆ ಕೆಲಸದಲ್ಲಿ ತಮಿಳರ ಜೊತೆ ಮಣ್ಣು ಹೊತ್ತು ತಮಿಳು ಕಲಿತೆ. ಬೊಂಬಾಯಿಗೆ ಹೋಗಿ ಹಡಗಿನ ಒಲೆಗೆ ಕಲ್ಲಿದ್ದಲು ಎಸೆಯುತ್ತ ಹಿಂದೂಸ್ತಾನಿ ಕಲಿತೆ. ಓದಿದವರು ನಕ್ಷೆಯಲ್ಲಿ ಬೆರಳಿಡುವ ಊರುಗಳಲ್ಲಿ ನಾನು ಕಾಲಿಟ್ಟಿದ್ದೇನೆ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನಮ್ಮ ಹಡಗಿನ ಬಾಯ್ಲರು ಕೆಟ್ಟು ಟ್ರಿನಿಡಾಡಿನ ಬಂದರಿನಲ್ಲಿ ಮೂರು ವಾರ ನಿಲ್ಲಬೇಕಾಯಿತು. ನನ್ನ ಜೊತೆ ಕಲ್ಲಿದ್ದಲು ಹಾಕುತ್ತಿದ್ದವನು ನಮ್ಮ ಸೀಮೆಯವನೇ, ಬಂಡೂರಿನ ನಿಂಗ. ಇಬ್ಬರೂ ಊರು ನೋಡಲು ಇಳಿದೆವು.

ಬೀದಿಯಲ್ಲಿ ಹುಡುಗರು ಎಣ್ಣೆ ಪೀಪಾಯಿ, ಬಿಸ್ಕತ್ತಿನ ಡಬ್ಬ ಬಡಿಯುತ್ತ ಹೊರಟಿದ್ದರು.

"ಲೇ, ಇವ್ರಿಗೆ ತಮಟೆ ಗತಿ ಇಲ್ವೇನ್ಲಾ? ಡಬ್ಬ ಬಡ್ಕಂಡು ಕುಣೀತಾವ್ರೆ!" ಎಂದ ನಿಂಗ.

ನಾನೂ ನಕ್ಕೆ. ಹತ್ತಿರ ಹೋಗಿ ನೋಡಿದರೆ ಪೀಪಾಯಿಯ ತಳವನ್ನು ತಟ್ಟಿ ತಟ್ಟಿ ತಗ್ಗು ಮಾಡಿ, ಒಂದೊಂದು ತಗ್ಗಿನಿಂದ ಒಂದೊಂದು ಸ್ವರ ತೆಗೆಯುತ್ತಿದ್ದರು. ಕಸುಬು ಕಂಡರೆ ನಾನು ತಲೆ ಬಾಗಿಸುವವನು. ಒಂದು ಗಳಿಗೆಯ ಮೇಲೆ ನೋಡುತ್ತೇನೆ, ನಿಂಗನ ಕಾಲೇ ತಾಳ ಹಾಕುತ್ತಿತ್ತು.

ಆಮೇಲಿನ ಭಾನುವಾರ ಕಬ್ಬಿನ ಸೀಮೆಯ ಕಡೆ ಬಸ್ಸು ಹತ್ತಿದೆವು. ಇಳಿದೊಡನೆ ಮೂಗಿಗೆ ಬಡಿದದ್ದೇ ಆ ವಾಸನೆ. ಮಾರಿಯಮ್ಮನ ಪೂಜೆಗೆ ತಮಟೆ ಕಾಯಿಸುತ್ತಿದ್ದರು, ಅದೂ ಟ್ರಿನಿಡಾಡಿನಲ್ಲಿ! ಅಜ್ಜನ ಕಾಲದಲ್ಲಿ ಕೂಲಿಗೆಂದು ಮದ್ರಾಸಿನಿಂದ ಹಡಗು ಹತ್ತಿ ಹೋದವರ ಕುಲದವರು ಅವರು. ಮುನಿಯಮ್ಮ ಎಂಬ ಮುದುಕಿ ನಮ್ಮನ್ನು ಕೂರಿಸಿ ಮಾತಾಡಿಸಿದಳು. ಅವಳದು ಅರ್ಧ ತಮಿಳು, ಅರ್ಧ ಆ ಸೀಮೆಯ ಇಂಗ್ಲಿಷು. ನನ್ನ ಕಿವಿಗೆ ಬಿದ್ದದ್ದನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

"ಯಾವೂರಪ್ಪ ನಿಮ್ದು?"

"ಮಂಡ್ಯ ಕಣವ್ವ."

"ಅದೆಲ್ಲದೆ? ಮದ್ರಾಸ್ ತಾವ?"

"ಊಂ, ಮದ್ರಾಸ್ ತಾವ್ಲೇಯ," ಎಂದುಬಿಟ್ಟೆ. ಮಂಡ್ಯವನ್ನು ಮದ್ರಾಸಿನ ಪಕ್ಕಕ್ಕೆ ತಳ್ಳಿದ್ದು ಜನ್ಮದಲ್ಲಿ ಅದೊಂದೇ ಸಲ.

ಬೇಳೆ ತುಂಬಿದ ರೊಟ್ಟಿ, ಮಾವಿನಕಾಯಿ ಸಾರು ಬಡಿಸಿದಳು. ಬುಗುರಿಯಂಥ ಗುಂಡು ಮೆಣಸಿನಕಾಯಿಯನ್ನು ಕಚ್ಚಿ ನಿಂಗ ಬಾವಿಯ ಕಡೆಗೆ ಓಡಿದ.

ಊಟವಾದ ಮೇಲೆ ಅವಳ ಮಗ ಸಾಮಿ ನಮ್ಮನ್ನು ಗದ್ದೆ ತೋರಿಸಲು ಕರೆದುಕೊಂಡು ಹೋದ. ಅಲ್ಲಿ ನಾನು ತಪ್ಪು ಮಾಡಿದೆ. ನಮ್ಮ ಕಡೆ ದಾರಿಹೋಕ ಒಂದು ಜಲ್ಲೆ ಕಬ್ಬು ಮುರಿದು ಬದುವಿನ ಮೇಲೆ ಕೂತು ತಿಂದರೆ ಯಾವ ಗೌಡನೂ ಬೇಡ ಅನ್ನುವುದಿಲ್ಲ. ಕಂಕುಳಲ್ಲಿಟ್ಟು ಮನೆಗೆ ಒಯ್ಯಬಾರದು, ಅಷ್ಟೆ. ಅದೇ ಗತ್ತಿನಲ್ಲಿ ಮೂರು ಜಲ್ಲೆ ಮುರಿದೆ. ಸಾಮಿಯ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಕಾವಲಿನವನು ಶಿಳ್ಳೆ ಹಾಕಿದ.

ಆ ಕಬ್ಬು ಎಸ್ಟೇಟಿನದು, ಮುರಿದರೆ ಕಳ್ಳತನ. ಸಾಮಿಗೆ ಕೆಲಸ ಕೊಟ್ಟದ್ದೂ ಎಸ್ಟೇಟು, ಅವರಿದ್ದ ಸಾಲುಮನೆ ಕೊಟ್ಟದ್ದೂ ಎಸ್ಟೇಟು. ಸಂಜೆಯೊಳಗೆ ಹೇಳಿಕೆ ಬಂತು: ಕಳ್ಳರನ್ನು ಕರೆಸಿಕೊಂಡವರು ಮನೆ ಖಾಲಿ ಮಾಡಬೇಕು.

ಕಳ್ಳ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಸಾಮಿಯನ್ನು ಮುಂದಿಟ್ಟುಕೊಂಡು ಎಸ್ಟೇಟಿನ ದೊರೆಯ ಮುಂದೆ ನಿಂತೆ. "ಮುರಿದೋನು ನಾನು. ಕೂಲಿ ಇಲ್ದೆ ಎಲ್ಡು ದಿನ ಕಬ್ಬು ಕಡ್ದು ತೀರಿಸ್ತೀನಿ, ಇವ್ರ ಮನೆ ಮುಟ್ಬೇಡ ಅನ್ನು ಸಾಮಿ." ಸಾಮಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ದೊರೆ ನನ್ನ ಕೈ ನೋಡಿ ಒಪ್ಪಿಕೊಂಡ.

ಅವತ್ತು ನಾನು ಕಡಿದದ್ದನ್ನು ನೀವು ನೋಡಬೇಕಿತ್ತು. ಬುಡಕ್ಕೆ, ನೆಲಕ್ಕೆ ಸಮವಾಗಿ, ಒಂದೇ ಏಟಿಗೆ. ಅಲ್ಲಿ ಒಬ್ಬೊಬ್ಬ ಆಳಿಗೂ ದಿನಕ್ಕೆ ಇಷ್ಟು ಸಾಲು ಎಂದು ಒಂದು ಪಾಲು ಗೊತ್ತು ಮಾಡಿರುತ್ತಾರೆ. ಹೊತ್ತು ಇಳಿಯುವುದರೊಳಗೆ ನಾನು ಎರಡು ಪಾಲು ಮುಗಿಸಿದೆ. ದೊರೆ ಹೇಸರಗತ್ತೆಯಿಂದ ಇಳಿದು ಬಿದಿರಿನ ಗಳು ಹಿಡಿಸಿ ಅಳೆಸಿದ. ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಮುನಿಯಮ್ಮ ನನ್ನ ಮುಖವನ್ನೇ ನೋಡಲಿಲ್ಲ. "ಭಾರೀ ಕಡ್ದುಬುಟ್ಟೆ ಅಂತ ಬೀಗ್ತಿದ್ದೀಯಾ ಮಗ? ನೀನು ಹಡಗತ್ಕಂಡು ಓಯ್ತೀಯ. ಹಡಗಿನೋನು ಎಲ್ಡು ಪಾಲು ಕಡ್ದ, ನಿನಗ್ಯಾಕೆ ಆಗಕಿಲ್ಲ ಅಂತ ನಾಳೆ ದೊರೆ ನನ್ ಮಗನ್ನ ಕೇಳ್ತಾನೆ. ಏನೇಳ್ಬೇಕು ಇವ್ನು? ಬರೀ ಇವ್ನಾ? ಈ ಸಾಲ್ಮನೆಯೋರೆಲ್ಲ ಏನೇಳ್ಬೇಕು?"

"ನಿನ್ ಪೌರುಸ ಸಾಕು ಬುಡ್ಲಾ," ಎಂದ ನಿಂಗ ಮೆಲ್ಲಗೆ.

ಮರುದಿನ ಆಳುಗಳು ಮಚ್ಚು ಎತ್ತಿದಾಗ ಎತ್ತಿದೆ, ನಿಂತಾಗ ನಿಂತೆ, ನೀರು ಕುಡಿದಾಗ ಕುಡಿದೆ. ಎಲ್ಲರೂ ಒಂದೊಂದು ಪಾಲು ಮುಗಿಸಿ ಕೂತಾಗ ನಾನೂ ಕೂತೆ. ದೊರೆ ಬಂದು, ನಿನ್ನೆ ಎರಡು ಕಡಿದವನಿಗೆ ಇವತ್ತು ಏನಾಯಿತು ಎಂದು ಸಾಮಿಯಿಂದ ಕೇಳಿಸಿದ. ಇಡೀ ಸಾಲು ನನ್ನ ಬಾಯನ್ನೇ ನೋಡುತ್ತಿತ್ತು.

"ಆಗಕಿಲ್ಲ ಅನ್ನು ಸಾಮಿ. ನೆನ್ನೆ ಕೊಬ್ಬಿಗೆ ಕಡ್ದೆ, ಇವತ್ತು ಸೊಂಟ ಬಿದ್ದೋಗದೆ. ದಿನಕ್ಕೊಂದು ಪಾಲ್ಗಿಂತ ಮ್ಯಾಲೆ ಮನುಸ ಆದೋನು ಕಡ್ಯಕಾಗಕಿಲ್ಲ ಅನ್ನು."

ಆಗ ನನ್ನ ಸೊಂಟ ಗಾಡಿಯ ಅಚ್ಚಿನ ಹಾಗೆ ಗಟ್ಟಿಯಾಗಿತ್ತು. ಕೆಲಸದ ಮುಂದೆ ನಿಂತು ಆಗುವುದಿಲ್ಲ ಎಂದು ಅದಕ್ಕೆ ಮುಂಚೆ ಎಂದೂ ಅಂದವನಲ್ಲ. ದೊರೆ ನಕ್ಕು ಏನೋ ಅಂದ. ಸಾಮಿ ಅದನ್ನು ನನಗೆ ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಹೇಸರಗತ್ತೆ ತಿರುಗಿಕೊಂಡು ಹೋಯಿತು. ಮನೆ ಉಳಿಯಿತು, ಪಾಲೂ ಒಂದೇ ಉಳಿಯಿತು.

ಸಂಜೆ ಮುನಿಯಮ್ಮ ತಟ್ಟೆಗೆ ಎರಡನೇ ರೊಟ್ಟಿ ಹಾಕುತ್ತ, "ಸೊಂಟಕ್ಕೆ ಎಣ್ಣೆ ತಿಕ್ಲಾ ಮಗ?" ಎಂದಳು. ಕಣ್ಣಲ್ಲಿ ನಗು ತುಂಬಿತ್ತು.

ಈಗ ನನಗೂ ಕೊಪ್ಪದಲ್ಲಿ ಗದ್ದೆಯಿದೆ, ಬೆವರಿನಿಂದ ಸಂಪಾದಿಸಿದ್ದು. ಕಟಾವಿಗೆ ಆಳುಗಳ ಜೊತೆ ನಾನೂ ಇಳಿಯುತ್ತೇನೆ. ಈ ವಯಸ್ಸಿನಲ್ಲೂ ನನ್ನ ಸಾಲು ಹಿಂದೆ ಬೀಳುವುದಿಲ್ಲ. ನಿನ್ನೆ ಮಧ್ಯಾಹ್ನ ಆಳುಗಳು ಬೇವಿನ ಮರದಡಿ ಹೋಗಿ ಕೂತರು. ನನ್ನ ಕೈಯಲ್ಲಿ ಇನ್ನೂ ಎರಡು ಸಾಲಿನ ಕಸುವಿತ್ತು.

"ಸುಸ್ತಾಯ್ತಾ ಗೌಡ್ರೇ?" ಎಂದು ಒಬ್ಬ ಕೇಳಿದ.

"ಊಂ ಕಣ್ಲಾ, ಸಾಕಾಯ್ತು. ಒಸಿ ಸರ್ಕೊ," ಎಂದು ಅವನ ಪಕ್ಕ ಕೂತೆ.