ಬೀರು ತೆಗೆದುಕೊಟ್ಟ ಹುಡುಗ

ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಬಿಳಿ ದಾರ ಹುಡುಕುತ್ತಿದ್ದೆ. ಬೆರಳಿಗೆ ಏನೋ ಚುಚ್ಚಿತು. ಹಳೇ ಹೇರ್‌ಪಿನ್ನು, ತುದಿ ಕೊಕ್ಕೆಯ ಹಾಗೆ ಬಗ್ಗಿದೆ...

ಹಿಂಬದಿ ಮನೆಯ ಹುಡುಗ ಬಗ್ಗಿಸಿದ್ದು ಅದು. ಅಪ್ಪ ಇರಲಿಲ್ಲ, ಅಮ್ಮ ಹೆಮ್ಮರಗಾಲದವಳು, ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ನಾನು ಬೀರುವಿನ ಕೀ ಕಳೆದುಕೊಂಡು ಕೂತಿದ್ದ ದಿನ, ನನ್ನ ತಲೆಯಲ್ಲಿದ್ದ ಪಿನ್ನನ್ನೇ ಕೇಳಿ ಇಸಕೊಂಡು, ಬೀಗಕ್ಕೆ ಕಿವಿ ಹಚ್ಚಿ, ನಾಲ್ಕು ನಿಮಿಷದಲ್ಲಿ ತೆಗೆದುಕೊಟ್ಟ. ಒಳಗೇನಿದೆ ಅಂತ ಕಣ್ಣೆತ್ತಿಯೂ ನೋಡಲಿಲ್ಲ. ಆಮೇಲೆ ಬೀದಿಯಲ್ಲಿ ಯಾರ ಬೀಗ ಕಚ್ಚಿಕೊಂಡರೂ ಅವನಿಗೇ ಕರೆ.

ಒಂಬತ್ತನೇ ಕ್ಲಾಸು. ಕೂತಲ್ಲಿ ಕೂರುತ್ತಿರಲಿಲ್ಲ. ಬೈದರೆ ತಲೆ ತಗ್ಗಿಸುತ್ತಿರಲಿಲ್ಲ, ನಗುತ್ತಿದ್ದ. ಕಪಿಲೆ ಕೆಂಪಗೆ ತುಂಬಿ ಹರಿಯುವಾಗ ದೊಡ್ಡವರು ಮೆಟ್ಟಿಲಲ್ಲೇ ನಿಂತರೆ ಇವನು ಧುಮುಕುತ್ತಿದ್ದ. ಇವನಿಗೆ ಭಯ ಇಡೋದನ್ನೇ ದೇವರು ಮರೆತಿದ್ದಾನೆ ಅಂತ ನಾನು ತಮಾಷೆ ಮಾಡುತ್ತಿದ್ದೆ.

ಒಂದು ಭಾನುವಾರ ಪಕ್ಕದ ಬೀದಿಯವರ ಬೈಕನ್ನು ಕೀ ಇಲ್ಲದೆ ಸ್ಟಾರ್ಟ್ ಮಾಡಿ, ಹೊಳೆವರೆಗೂ ಹೋಗಿ ಬಂದು, ಒರೆಸಿ, ಇದ್ದಲ್ಲೇ ನಿಲ್ಲಿಸಿದ. ಗಲಾಟೆಯಾಯಿತು. ಅವನಮ್ಮ ನಮ್ಮ ಅಡುಗೆಮನೆ ಹೊಸ್ತಿಲ ಹತ್ತಿರ ಬಂದು ಕೂತಳು. ನಮ್ಮ ಯಜಮಾನರಿಗೆ ಪೊಲೀಸಿನವರೊಬ್ಬರು ಪರಿಚಯ ಅಂತ ಅವಳಿಗೆ ಗೊತ್ತಿತ್ತು.

"ಒಂದ್ಸಲ ಟೇಸನ್ನಲ್ಲಿ ಕೂರುಸ್ಲಿ ಅಕ್ಕ. ಒಸಿ ಭಯ ಉಟ್ಟುದ್ರೆ ಬುದ್ಧಿ ಬತ್ತದೆ."

ನಮ್ಮ ಕಡೆ ಎಷ್ಟೋ ಜನ ಮಾಡುವುದೇ. ನನಗೂ ಸರಿ ಅನ್ನಿಸಿ ಯಜಮಾನರಿಗೆ ನಾನೇ ಹೇಳಿದೆ. ಕಂಪ್ಲೇಂಟು ಗಿಂಪ್ಲೇಂಟು ಏನಿಲ್ಲ, ಬೆಳಗ್ಗೆಯಿಂದ ಸಂಜೆವರೆಗೆ ಬೆಂಚಿನ ಮೇಲೆ ಅಷ್ಟೇ. ಅದೇ ಬೆಂಚಿನಲ್ಲಿ ನರಸೀಪುರದ ಇಬ್ಬರು ಇದ್ದರಂತೆ, ಬೈಕ್ ಕಳ್ಳತನದ ಕೇಸಿನವರು.

ಬಿಟ್ಟ ಮೇಲೆ ನೇರ ನಮ್ಮ ಬಾಗಿಲಿಗೆ ಬಂದ. ಅಂಗೈ ಮೇಲೆ ಪೆನ್ನಿನಲ್ಲಿ ಒಂದು ಫೋನ್ ನಂಬರು ಬರೆದಿತ್ತು.

"ಆಂಟಿ, ನೀವೇ ಹೇಳಿದ್ರಾ?"

ಸುಳ್ಳು ಪಾಪ ಅಂತ ಕಾನ್ವೆಂಟಿನ ಸಿಸ್ಟರ್‌ಗಳ ಹತ್ತಿರ ಹತ್ತು ವರ್ಷ ಕಲಿತವಳು ನಾನು. ಇಲ್ಲಪ್ಪ ಅಂದೆ. ಅವನು ನಗಲಿಲ್ಲ. ತಲೆ ತಗ್ಗಿಸಿಕೊಂಡು ಹೋದ, ಮೊದಲನೇ ಸಲ.

ಆಮೇಲೆ ಬೀಗ ತೆಗೆಯಲು ನಾವ್ಯಾರೂ ಅವನನ್ನು ಕರೆಯಲಿಲ್ಲ. ಅವನು ಹಾದುಹೋದರೆ ಬೀದಿಯವರೆಲ್ಲ ಅವರವರ ಬೀಗ ಎಳೆದು ನೋಡಿಕೊಳ್ಳುತ್ತಿದ್ದರು. ನಾನೂ. ಕರೆದವರು ಬೆಂಚಿನ ಆ ಇಬ್ಬರೇ. ಸ್ಕೂಲು ಬಿಟ್ಟ. ಮೊದಲು ಬೈಕುಗಳು, ಆಮೇಲೆ ಮನೆಗಳು... ಈಗ ಮೈಸೂರಿನ ಜೈಲಿನಲ್ಲಿದ್ದಾನೆ. ಮನೆ ಖಾಲಿ ಮಾಡಿ ಹೋಗುವಾಗ ಅವನಮ್ಮ ನನ್ನನ್ನು ಬೈಯಲೂ ಇಲ್ಲ. "ನಾನೇ ಕೇಳಿದ್ದು ಬುಡಿ ಅಕ್ಕ" ಅಂದಳು.

ಪಿನ್ನನ್ನು ಮತ್ತೆ ಡ್ರಾಯರಿಗೇ ಹಾಕಿದೆ. ದಾರ ಸಿಗಲಿಲ್ಲ. ಅವತ್ತು ಹೌದಪ್ಪ ನಾನೇ ಅಂದಿದ್ದರೆ ಜಗಳವನ್ನಾದರೂ ಆಡುತ್ತಿದ್ದ... ಜಗಳ ಆಡೋಕ್ಕಾದರೂ ಒಳಗೆ ಬರುತ್ತಿದ್ದ.