ಗಾಜಿನ ಬಾಗಿಲಾಚೆ ಬಿಟ್ಟ ಚಪ್ಪಲಿ

ನನ್ನ ಮೊಮ್ಮಗಳು ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿಗೆ ಮ್ಯಾನೇಜರ್! ತೂಬಗೆರೆಯಿಂದ ಬಸ್ಸು ಹತ್ತಿದರೆ ಪಕ್ಕದವರಿಗೆಲ್ಲ ಅದನ್ನೇ ಹೇಳುತ್ತಿದ್ದೆ. ಅವಳಿಗೇ ಒಂದು ಗಾಜಿನ ಕೋಣೆ ಇದೆಯಂತೆ, ಬಾಗಿಲು ಹಾಕಿದರೆ ಮಗ್ಗದ ಸದ್ದೇ ಕೇಳದಂತೆ ಎಂದು.

ಅವತ್ತು ಅವಳಿಗೆ ಊಟ ತಂದು, ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಮಗ್ಗದ ಹೆಂಗಸೊಬ್ಬಳು ಓಡಿ ಬಂದು ಬಾಗಿಲ ಬಳಿ ಚಪ್ಪಲಿ ಬಿಟ್ಟಳು. ಗಾಜಿನಲ್ಲಿ ಇಣುಕಿದಳು. ಒಳಗೆ ಮೊಮ್ಮಗಳು ಬೆನ್ನು ತಿರುಗಿಸಿ ಫೋನಿನಲ್ಲಿದ್ದಳು. ಹೆಂಗಸು ವಾಪಸ್ಸು ಹೋದಳು. ಮತ್ತೆ ಬಂದಳು.

ಏನಮ್ಮಾ ಎಂದೆ. ಆ ಗದ್ದಲದಲ್ಲಿ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು: "ಮಗ ಮಹಡಿಯಿಂದ ಬಿದ್ಬಿಟ್ಟವ್ನಂತೆ ಅಜ್ಜಿ. ಆಸ್ಪತ್ರೆಗೆ ಕರ್ಕೊಂಡು ಹೋಗವ್ರೆ."

"ಅಯ್ಯೋ, ಒಳಕ್ಕೆ ಹೋಗಿ ಹೇಳೇ!"

"ಮೇಡಂ ಫೋನಲ್ಲವ್ರೆ. ಹಳೇ ಮ್ಯಾನೇಜರ್ ಇದ್ದಾಗ ಹಿಂಗೇ ನುಗ್ಗಿದೋಳ್ನ ಕೆಲ್ಸದಿಂದ್ಲೇ ತೆಗೆದ್ರು."

ಬಾಗಿಲನ್ನು ದಬ್ಬಿ ಅಲ್ಲೇ ಹಿಡಿದು ನಿಂತೆ. ಮಗ್ಗಗಳ ಸದ್ದೆಲ್ಲ ಒಳಕ್ಕೆ ನುಗ್ಗಿತು.

"ಅಜ್ಜೀ, ಬಾಗ್ಲು ಹಾಕು! ಏನೂ ಕೇಳಿಸ್ತಿಲ್ಲ!"

"ಹಾಕಿದ್ರೇ ಕಣೇ ನಿಂಗೆ ಕೇಳಿಸದೆ ಇರೋದು! ಇವ್ಳನ್ನ ನೋಡು ಮೊದ್ಲು!"

ಮೊಮ್ಮಗಳು ಆ ಹೆಂಗಸಿನ ಮುಖ ನೋಡಿದಳು, ಬರಿಗಾಲು ನೋಡಿದಳು. ಫೋನು ಮೇಜಿನ ಮೇಲೆ ಬಿತ್ತು. ಓಡಿ ಬಂದು ಅವಳ ಬಾಯಿಗೆ ಕಿವಿಯಿಟ್ಟಳು. ಮರುಗಳಿಗೆಗೆ ಅವಳನ್ನು ತನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟಳು.

ನಾನು ಬಿಚ್ಚದ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಮಗ್ಗ ಓಡಿಸುತ್ತಿದ್ದವರೆಲ್ಲ ಗೇಟಿನ ಕಡೆಗೇ ನೋಡುತ್ತಿದ್ದರು. ಬಾಗಿಲ ಬಳಿ ಆ ತಾಯಿಯ ಚಪ್ಪಲಿ ಹಾಗೇ ಬಿದ್ದಿತ್ತು. ಅದನ್ನು ನೋಡಲಾರದೆ ಕಣ್ಣು ಮುಚ್ಚಿದೆ. ದೇವರೇ, ತಡವಾಗಿರದಿರಲಿ.

ಹೊತ್ತಿಳಿಯುವಾಗ ಮೊಮ್ಮಗಳು ಒಬ್ಬಳೇ ಬಂದಳು. ಮುಖ ಬಾಡಿತ್ತು.

"ಕೈ ಮುರ್ದಿದೆ ಅಜ್ಜಿ, ಅಷ್ಟೇ. ಅಮ್ಮನ್ನ ನೋಡಿದ್ಮೇಲೇ ಅಳು ನಿಲ್ಸಿದ್ದು." ಎರಡು ತುತ್ತು ತಿಂದು ಕೇಳಿದಳು: "ಎಷ್ಟೊತ್ತು ನಿಂತಿದ್ಲು ಅಜ್ಜಿ, ಬಾಗ್ಲಲ್ಲಿ?"

ನಾನು ಬಾಗಿಲ ಬಳಿಯ ಚಪ್ಪಲಿಯತ್ತ ನೋಡಿದೆ. ಅವಳು ಡಬ್ಬಿ ಸರಿಸಿ ಎದ್ದು, ಕುರ್ಚಿಯನ್ನು ಹೊರಕ್ಕೆ ಎಳೆದು ಮಗ್ಗಗಳ ನಡುವೆ ಹಾಕಿದಳು.

"ಮೇಡಂ, ಇಲ್ಲಿ ಕೂತ್ರೆ ಕಿವಿ ಕಿವುಡಾಯ್ತದೆ" ಎಂದು ಹೆಂಗಸರು ನಕ್ಕರು.

"ಒಳಗಿದ್ದಾಗ್ಲೇ ಆಗಿತ್ತು ಬಿಡ್ರಮ್ಮ" ಎಂದಳು.

ಈಗ ಫೋನು ಬಂದರೆ ಮಾತ್ರ ಕೋಣೆಗೆ ಹೋಗುತ್ತಾಳೆ, ಅದೂ ಬಾಗಿಲು ತೆರೆದಿಟ್ಟು. ಮೊನ್ನೆ ಅವಳು ಹಾಗೆ ಫೋನಿನಲ್ಲಿದ್ದಾಗಲೇ ಆ ತಾಯಿ ರಜೆ ಕೇಳಲು ಚಪ್ಪಲಿ ಹಾಕಿಕೊಂಡೇ ಸರಸರನೆ ಒಳಗೆ ಹೋದಳು. ನನಗೆ ಹಿಗ್ಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಈಗ ಗಾಜಿನ ಕೋಣೆಯ ಮಾತೇ ಎತ್ತುವುದಿಲ್ಲ, ಆ ಕುರ್ಚಿಯದ್ದೇ ಮಾತು!