ಸಬೀರಾ ಹಾಕದ ಸಹಿ

ಎರಡು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಪೂರ್ತಿ ಕೇಳಿ. ಅಟ್ಟೂರಿನ ಒಂದು ಗಲ್ಲಿಯ ಮಾತು, ಆದರೆ ನಿಮ್ಮ ಗಲ್ಲಿಗೂ ಬೇಕಾದ ಮಾತು.

ಬೆಳಗ್ಗೆ ಐದೂಮುಕ್ಕಾಲು. ಬಾಗಿಲಿಗೆ ನೀರು ಹಾಕುವ ಹೊತ್ತು, ಆದರೆ ಅಳತೆ ಮುಗಿಯುವ ತನಕ ಇಲ್ಲಿ ಯಾರೂ ಹಾಕುವುದಿಲ್ಲ. ಸಬೀರಾ ಒಂದು ಕೈಯಲ್ಲಿ ವಿಕಿರಣ ಅಳೆಯುವ ಮೀಟರು, ಇನ್ನೊಂದರಲ್ಲಿ ಸೀಮೆಸುಣ್ಣ ಹಿಡಿದು ಒಂದೊಂದೇ ಹೊಸ್ತಿಲ ಮುಂದೆ ಕೂರುತ್ತಾರೆ. ಒಂದು ನಿಮಿಷ ಕಾದು, ಮೀಟರು ತೋರಿಸಿದ ಅಂಕಿಯನ್ನು ಮೆಟ್ಟಿಲ ಮೇಲೆ ಬರೆಯುತ್ತಾರೆ: 0.12. ದಿನಕ್ಕೆ ನಲವತ್ತೊಂದು ಬಾಗಿಲು. ರಂಜಾನ್ ಉಪವಾಸದಲ್ಲೂ ತಪ್ಪಿಸಿಲ್ಲ.

"ಏನಮ್ಮಿ, ಇವತ್ತು ನಮ್ಮನೆಗೆಷ್ಟು ಮಾರ್ಕ್ಸು?" ಗಲ್ಲಿಯ ಹಿರಿಯಜ್ಜಿ ದೊಡ್ಡಮುನಿಯಮ್ಮ ಕೂಗುತ್ತಾರೆ.

"ಸುಮ್ನಿರಿ ಅಜ್ಜಿ, ನಿಮ್ ಗಂಟ್ಲಿಗೆ ಮೀಟರ್ರೇ ಬೆಚ್ಚಿಬೀಳುತ್ತೆ!"

ಮೂರು ವರ್ಷದ ಹಿಂದೆ ಸಬೀರಾರ ಗಂಡ ಖಾದರ್ ಬಾಷಾ ಅವರ ಗುಜರಿ ಅಂಗಡಿಗೆ ಹಳೆಯ ಯಂತ್ರವೊಂದರ ಭಾರದ ಡಬ್ಬ ಬಂತು. ಸೀಸ ಸಿಗುತ್ತದೆಂದು ಒಡೆದರು. ಒಳಗಿನ ಪುಡಿ ವಿಕಿರಣದ್ದೆಂದು ಯಾರಿಗೆ ಗೊತ್ತು? ಖಾದರ್ ಎರಡು ಬೆರಳು ಕಳೆದುಕೊಂಡರು. ಅಂಗಡಿಗೆ ಬೀಗ ಬಿತ್ತು. ಈಗ ಸಬೀರಾ ಯಲಹಂಕ ನ್ಯೂಟೌನಿನ ಎರಡು ಮನೆಗಳಲ್ಲಿ ಮಾಡುವ ಅಡುಗೆ ಕೆಲಸದಿಂದಲೇ ಸಂಸಾರ ನಡೆಯಬೇಕು.

"ಪುಡಿ ಗುಡಿಸಿದ್ದು ನಾನೇ, ಎರಡ್ ಬಕೆಟ್ ನೀರ್ ಹೊಡ್ದಿದ್ದೂ ನಾನೇ. ಮನೆ ಮುಂದೆ ಗಲೀಜಿದ್ರೆ ಯಾರಾದ್ರೂ ಹಂಗೇ ಬಿಡ್ತಾರಾ?" ಎನ್ನುತ್ತಾರೆ ಸಬೀರಾ.

ಅಧಿಕಾರಿಗಳು ಅಂಗಡಿಯ ಸುತ್ತ ಮಣ್ಣು ತೆಗೆಸಿ, ಇನ್ನು ಭಯವಿಲ್ಲ ಎಂದು ಹೊರಟರು. ಅಡ್ಡ ನಿಂತದ್ದು ದೊಡ್ಡಮುನಿಯಮ್ಮ. "ಇಲ್ ಉಯ್ದ ನೀರು ಅಂಗ್ಡಿ ತಾವ ನಿಲ್ಲಾಕಿಲ್ಲ ಕಣಪ್ಪ, ಅಂಗನವಾಡಿ ಮೂಲೆಗೋಯ್ತದೆ. ಐವತ್ತೊರ್ಸದಿಂದ ನೋಡಿವ್ನಿ. ನಮ್ಮನ್ನೇನಾರ ಕೇಳಿದ್ರಾ?" ಅಧಿಕಾರಿಗಳು ಮೀಟರನ್ನು ಆ ಮೂಲೆಗೆ ಒಯ್ದರು. ಕಿರುಚಿಕೊಂಡಿತು.

ಅಂದೇ ಅಂಗನವಾಡಿ ಮುಚ್ಚಿತು. ಹೆಂಗಸರು ಮೀಟರನ್ನು ತಮ್ಮ ಕೈಗೇ ಕೊಡಿಸಿಕೊಂಡರು, ಒಪ್ಪಂದವನ್ನೂ ಬರೆಸಿಕೊಂಡರು: ಪುಡಿ ತಾಕದ ಪಕ್ಕದ ಬೀದಿಯ ಅಂಕಿ, 0.12, ಇಲ್ಲೂ ಬರುವ ತನಕ ಮಣ್ಣು ತೆಗೆಯಬೇಕು, ಕೆಲಸ ಮುಗಿಯಿತು ಎನ್ನಲು ಅಳೆಯುವವರ ಸಹಿ ಬೇಕು. ಅಳೆಯಲು ಸಬೀರಾ ಮುಂದೆ ಬಂದಾಗ, ಪುಡಿಯನ್ನು ನೀರಲ್ಲಿ ಹರಿಸಿದವರೇ ಅಳೆಯುವುದೇ ಎಂದು ಕೆಲವರು ಕೊಂಕು ತೆಗೆದರು. "ಅವ್ಳಿಗೇ ನಿದ್ದೆ ಬರಾಕಿಲ್ಲ. ಅವ್ಳೇ ಅಳೀಲಿ," ಎಂದು ಅಜ್ಜಿ ಬಾಯಿ ಮುಚ್ಚಿಸಿದರು.

ಕಳೆದ ವಾರ ಅಧಿಕಾರಿಯೊಬ್ಬರು ಫೈಲು ಹಿಡಿದು ಬಂದರು. ನಲವತ್ತು ಬಾಗಿಲು ಸರಿಹೋಗಿವೆ. ಅಂಗನವಾಡಿ ಮೂಲೆಯಲ್ಲಿ ಮಾತ್ರ ಇನ್ನೂ 0.46.

"ಇದೂ ಮಿತಿಯೊಳಗೇ ಇದೆಯಮ್ಮ. ಸಹಿ ಹಾಕಿ, ನಾಳೆನೇ ಅಂಗಡಿ ಬೀಗ ತೆಗೆಸ್ತೀನಿ."

"ಹಾಕ್ಬಿಡು ಸಬೀರಾ, ಬಸ್, ಸಾಕು," ಎಂದರು ಖಾದರ್, ಗೋಡೆಗೆ ಒರಗಿ.

ಸಬೀರಾ ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ ಕೊಟ್ಟರು. "ಮಿತಿ ನಿಮ್ ಕಾಗದದಲ್ಲಿದೆ ಸಾರ್. ಮಕ್ಳು ಕೂರೋದು ಮಣ್ಣಲ್ಲಿ. ಒಪ್ಕೊಂಡಂಗೆ ಇನ್ನೊಂದ್ ಸಲ ಅಗೆಸಿ. ಪಕ್ಕದ್ ಬೀದಿ ಅಂಕಿ ಬರ್ಲಿ, ಆಮೇಲೆ ನಾನೇ ನಿಮ್ಮ ಆಫೀಸಿಗೆ ಬಂದು ಸಹಿ ಹಾಕ್ತೀನಿ."

ಫೈಲು ಹಾಗೇ ಹಿಂದಿರುಗಿತು. ಖಾದರ್ ನಾಲ್ಕು ದಿನದಿಂದ ಹೆಂಡತಿಯ ಜತೆ ಮಾತು ಬಿಟ್ಟಿದ್ದಾರೆ. ಸಬೀರಾ ಗಂಡನ ತಟ್ಟೆಗೆ ಬಿಸಿ ಅನ್ನ ಬಡಿಸಿಟ್ಟು ಅಡುಗೆ ಕೆಲಸಕ್ಕೆ ಹೊರಡುತ್ತಾರೆ.

ಸಬೀರಾರ ಜಾಗದಲ್ಲಿ ನೀವಿದ್ದು, ನಿಮ್ಮದೇ ಅಂಗಡಿಯ ಬೀಗ ಆ ಒಂದು ಸಹಿಗೆ ಕಾದಿದ್ದರೆ, ಏನು ಮಾಡುತ್ತಿದ್ದಿರಿ?